ಹತ್ತಕ್ಕೆ ಎಷ್ಟು?

ಹಳೇಬೀಡಿನ ಅಂಗಡಿಯನ್ನು ಮಾರುವುದೆಂದು ನಿಶ್ಚಯವಾದ ಮೇಲೆ ನನ್ನ ತಮ್ಮ ಫೋನು ಮಾಡಿದ. "ಅಕ್ಕಾ, ಜಗಲಿ ಮೇಲಿರೋ ಹಲಸಿನ ಬೆಂಚು ಏನು ಮಾಡೋದು? ಅಂಗಡಿ ಕೊಂಡೋರು ಬೇಡ ಅಂತಿದಾರೆ" ಎಂದು ಕೇಳಿದ. ಮೂರು ಜನ ಆರಾಮವಾಗಿ ಕೂರಬಹುದಾದ, ನಡುವೆ ಸವೆದು ನುಣುಪಾದ ಹಳೇ ಬೆಂಚು. ಯೋಚನೆ ಮಾಡಿ ಹೇಳುತ್ತೇನೆ ಎಂದು ಫೋನಿಟ್ಟೆ. ಆ ಬೆಂಚಿನ ಎಡತುದಿಯಲ್ಲಿ ಒಬ್ಬರು ಹೆಚ್ಚುಕಡಮೆ ಒಂದು ವರ್ಷ, ಪ್ರತಿ ಶನಿವಾರ ಸಂಜೆ ಬಂದು ಕೂತಿದ್ದರು. ಏನನ್ನೂ ಕೊಳ್ಳಲಿಲ್ಲ, ಏನನ್ನೂ ಕೇಳಲಿಲ್ಲ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಮೇಲೆ ನನಗಿರುವ ಸಿಟ್ಟು ಮಾತ್ರ ಇನ್ನೂ ಪೂರ್ತಿ ತೀರಿಲ್ಲ.

ಅವರು ನಮಗೆ ಆರನೇ ಕ್ಲಾಸಿನಿಂದ ಭೂಗೋಳದ ಮೇಷ್ಟ್ರು. ಐವತ್ತರ ದಶಕದ ಕೊನೆ, ನಾನು ಎಂಟನೇ ಕ್ಲಾಸು. ಅರಸೀಕೆರೆ ಕಡೆಯವರಾದ ಅವರು ಮೊದಲು ಹಗರೆಯಲ್ಲಿದ್ದು, ಅಲ್ಲಿ ಯಾರ ಜೊತೆಯೋ ಜಗಳ ಮಾಡಿಕೊಂಡು ನಮ್ಮೂರಿಗೆ ವರ್ಗವಾಗಿ ಬಂದಿದ್ದರು. ಸಣಕಲು ಮೈ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳೀ ಕೋಟು. ಮೇಲಿನ ಗುಂಡಿ ಬೇರೆ ಬಣ್ಣದ್ದು. ಬಿಸಿಲಿರಲಿ ಮಳೆಯಿರಲಿ ಕೈಯಲ್ಲೊಂದು ಕೊಡೆ. ಅದನ್ನು ಬಿಚ್ಚಿದ್ದನ್ನು ಕಂಡವರು ಕಡಮೆ, ಅದರ ಕೆಳಗೆ ಇನ್ನೊಬ್ಬರು ನಿಂತದ್ದನ್ನು ಕಂಡವರಂತೂ ಇಲ್ಲವೇ ಇಲ್ಲ.

ಪಾಠದಲ್ಲಿ ಅವರದೊಂದು ಅಭ್ಯಾಸವಿತ್ತು. ಪ್ರಶ್ನೆ ಕೇಳಿದ ಮೇಲೆ ನಮಗೆ ಬೆನ್ನು ಹಾಕಿ ಕಿಟಕಿಯ ಕಡೆ ತಿರುಗಿ ನಿಲ್ಲುವರು. ಮುಖ ನೋಡಿ ಉತ್ತರ ಸರಿಯೋ ತಪ್ಪೋ ಎಂದು ಊಹಿಸುವ ದಾರಿ ನಮಗಿರಲಿಲ್ಲ. ಉತ್ತರ ಮುಗಿದ ಮೇಲೆ ತಿರುಗುವರು. ಸರಿಯಾಗಿದ್ದರೆ ಶಭಾಷ್ ಇಲ್ಲ, ಕೂತ್ಕೋ ಎಂದೂ ಇಲ್ಲ.

"ಹೂಂ. ಯಾರ ಹತ್ರ ಕಲ್ತೆ?"

"ನೀವೇ ಹೇಳಿಕೊಟ್ಟಿದ್ದು ಸಾರ್" ಎಂದರೆ ಸಿಡುಕುವರು. "ನಾನು ನಲವತ್ತು ಜನಕ್ಕೆ ಒದರಿದೆ. ನಿನ್ನ ತಲೆಗೆ ಹತ್ತಿಸಿದೋರು ಯಾರು ಹೇಳು." ಪಕ್ಕದ ಹುಡುಗನ ಹೆಸರು, ಹಿಂದಿನ ಬೆಂಚಿನ ಹುಡುಗಿಯ ಹೆಸರು ಹೇಳಬೇಕು. ಹೇಳಿದರೆ ಆ ಹುಡುಗನನ್ನೂ ಎಬ್ಬಿಸಿ ನಿಲ್ಲಿಸಿ ಇಬ್ಬರನ್ನೂ ಕೂರಿಸುವರು. "ನಾನೇ ಕಲ್ತೆ ಸಾರ್" ಎಂದವರಿಗೆ ಏನೂ ಅನ್ನುತ್ತಿರಲಿಲ್ಲ. ಮತ್ತೆ ಕಿಟಕಿಯ ಕಡೆ ತಿರುಗುವರು. ಆ ಕ್ಲಾಸಿನಲ್ಲಿ ಅತಿ ಹೆಚ್ಚು ಸಲ ಅವರ ಬೆನ್ನು ನೋಡಿದವಳು ನಾನು.

ಅವರು ನಮ್ಮನ್ನೆಲ್ಲ ಮೂರು ಮೂರು ಜನರ ಗುಂಪು ಮಾಡಿದ್ದರು. ಗುಂಪಿಗೆ ಅವರು ಇಟ್ಟ ಹೆಸರು ಒಲೆ. "ಮೂರು ಕಲ್ಲಿದ್ರೆ ಒಲೆ ಕಣ್ರೋ. ಒಂದು ಕಲ್ಲು ಎತ್ತರ ಆದ್ರೂ ಪಾತ್ರೆ ವಾಲುತ್ತೆ, ಸಾರು ಚೆಲ್ಲುತ್ತೆ" ಎನ್ನುವರು. ಊರಿನವರಿಗೆ ಇದೊಂದು ತಮಾಷೆ. ಸಂತೆಯಲ್ಲಿ ಹುಡುಗರನ್ನು ಕಂಡರೆ, "ಏನ್ಲಾ, ನಿಮ್ಮ ಒಲೆ ಹತ್ತಿತೇನ್ಲಾ?" ಎಂದು ಕಿಚಾಯಿಸುವರು. ಆದರೆ ಭೂಗೋಳದ ನೂರು ಮಾರ್ಕಿನಲ್ಲಿ ತೊಂಬತ್ತು ಮಾತ್ರ ಪರೀಕ್ಷೆಗೆ, ಉಳಿದ ಹತ್ತು ಒಲೆಗೆ ಎಂದು ಅವರು ಹೇಳಿದ ದಿನ ತಮಾಷೆ ನಿಂತಿತು. ಆ ಹತ್ತನ್ನು ಹೇಗೆ ಹಾಕುತ್ತಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ, "ಕೆಲಸ ಮುಗೀಲಿ" ಎನ್ನುವರು.

ಇಷ್ಟೆಲ್ಲ ಹೇಳುವ ಇವರಿಗೆ ಮಾತ್ರ ಯಾರ ಜೊತೆಗೂ ಸರಿಹೋಗುತ್ತಿರಲಿಲ್ಲ. ಹೆಡ್‌ಮೇಷ್ಟ್ರ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಏನಿದ್ದರೂ ಜವಾನನ ಕೈಯಲ್ಲಿ ಚೀಟಿ. ಮಿಕ್ಕ ಮೇಷ್ಟ್ರುಗಳು ಒಟ್ಟಿಗೆ ಕೂತು ಊಟ ಮಾಡಿದರೆ ಇವರು ಹೊಂಗೆಮರದ ಕೆಳಗೆ ಒಬ್ಬರೇ ಬುತ್ತಿ ಬಿಚ್ಚುವರು. "ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ" ಎಂದು ನಮ್ಮ ಕನ್ನಡ ಮೇಷ್ಟ್ರು ಅವರಿಗೆ ಕೇಳುವ ಹಾಗೆಯೇ ಹೇಳುತ್ತಿದ್ದರು. ಅವರು ಕೇಳಿಸಿಕೊಂಡೂ ತಿರುಗಿ ನೋಡುತ್ತಿರಲಿಲ್ಲ.

ನನ್ನ ಒಲೆಯಲ್ಲಿ ನಾನು, ಶ್ರೀನಿವಾಸ, ಕೆಂಪಮ್ಮ. ಶ್ರೀನಿವಾಸ ದೇವಸ್ಥಾನದ ಅರ್ಚಕರ ಮಗ, ಓದಿನಲ್ಲಿ ನನ್ನ ಸಮಕ್ಕೆ ಬರುವ ಒಬ್ಬನೇ ಒಬ್ಬ. ಕೆಂಪಮ್ಮ ಮಾದಿಹಳ್ಳಿಯಿಂದ ಬರುವವಳು. ಅವರಪ್ಪನದು ಕೆರೆಯ ಕೆಳಗೆ ಸ್ವಲ್ಪ ಗದ್ದೆ, ಎರಡು ಎಮ್ಮೆ. ಅವಳು ಕ್ಲಾಸಿನಲ್ಲಿ ಬಾಯಿ ಬಿಡುತ್ತಿದ್ದುದೇ ಅಪರೂಪ. ಇನ್ನು ನಾನು. ಬಸದಿಯ ಹತ್ತಿರದ ಜೈನರ ಮನೆ, ಅಪ್ಪನದು ಕೊಬ್ಬರಿ, ತೆಂಗಿನಕಾಯಿ ವ್ಯಾಪಾರ. ಹಳೇಬೀಡಿನಲ್ಲಿ ಆಗ ಹೈಸ್ಕೂಲಿಲ್ಲ, ಮುಂದೆ ಓದಬೇಕಾದರೆ ಬೇಲೂರಿನಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ಓದಬೇಕು. ಅಪ್ಪ ಆ ವರ್ಷದ ಮೊದಲ ದಿನವೇ ಹೇಳಿಬಿಟ್ಟಿದ್ದರು.

"ನೋಡು ಪದ್ಮಾ, ಕ್ಲಾಸಿಗೆ ಫಸ್ಟ್ ಬಂದ್ರೆ ಬೇಲೂರು. ಇಲ್ಲದಿದ್ರೆ ಇಲ್ಲಿಗೆ ಮುಗೀತು. ಮಾತು ಅಂದ್ರೆ ಮಾತು."

ಅಪ್ಪ ಒಮ್ಮೆ ಆಡಿದ ಮಾತಿನಿಂದ ಹಿಂದೆ ಸರಿದದ್ದನ್ನು ನಾನು ಕಂಡಿರಲಿಲ್ಲ. ನನ್ನ ಜೊತೆಯ ಹುಡುಗಿಯರಲ್ಲಿ ಇಬ್ಬರಿಗೆ ಆಗಲೇ ಗಂಡು ನೋಡುತ್ತಿದ್ದರು. ನಾನು ಆ ವರ್ಷವಿಡೀ ಓದಿದ್ದು ಬುದ್ಧಿಗಾಗಿ ಅಲ್ಲ, ಭಯದಿಂದ.

ಮಾರ್ಚಿ ತಿಂಗಳಿನಲ್ಲಿ ಇನ್‌ಸ್ಪೆಕ್ಟರು ಬರುವವರಿದ್ದರು. ಪ್ರತಿ ಒಲೆಯೂ ಬೇಲೂರು ತಾಲ್ಲೂಕಿನ ನಕ್ಷೆಯನ್ನು ಹಲಗೆಯ ಮೇಲೆ ಜೇಡಿಮಣ್ಣಿನಲ್ಲಿ ಮಾಡಬೇಕು ಎಂದು ಮೇಷ್ಟ್ರು ಹೇಳಿದರು. ಬೆಟ್ಟ, ಹಳ್ಳ, ಕೆರೆ, ರಸ್ತೆ ಎಲ್ಲ ಇರಬೇಕು. ಕೆಂಪಮ್ಮ ಅವರೂರ ಕೆರೆಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದಳು. ಎರಡು ಸಲ ತಂದಳು. ಶ್ರೀನಿವಾಸ ಬೆಟ್ಟ ಎಬ್ಬಿಸಿದ. ಹಳ್ಳ, ಕೆರೆ, ರಸ್ತೆ ಎಲ್ಲ ನನ್ನದು. ಮಾದಿಹಳ್ಳಿಯ ಕೆರೆ ಮಾಡುವಾಗ ಕೆಂಪಮ್ಮ ಪಕ್ಕಕ್ಕೆ ಬಂದು ಕೂತಳು.

"ಇದ ನಾನು ಮಾಡ್ತೀನಿ ಕಣೇ. ತೂಬು ಈ ಕಡೀಕೆ ಬರಾದು" ಎಂದು, ನೀರು ಬಿಡುವ ತೂಬು ಇರಬೇಕಾದ ಜಾಗಕ್ಕೆ ಬೆರಳು ಚಾಚಿದಳು. ನಾನು ಆ ಬೆರಳಿನ ಮೇಲೆ ಪಟ್ಟನೆ ಹೊಡೆದೆ. "ಕೆಡಿಸಬೇಡ! ನಕ್ಷೆ ನೋಡಿಕೊಂಡು ಮಾಡ್ತಿದೀನಿ" ಎಂದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಲಂಗಕ್ಕೆ ಒರೆಸಿಕೊಂಡಳು. ಶ್ರೀನಿವಾಸ ನೋಡಿದ, ಮತ್ತೆ ತನ್ನ ಬೆಟ್ಟದ ಮಣ್ಣು ಒತ್ತತೊಡಗಿದ. ನಾನು ತೂಬನ್ನು ಮೂಡಲಿಗೆ ಇಟ್ಟೆ.

ಇನ್‌ಸ್ಪೆಕ್ಟರು ಬಂದ ದಿನ ನಮ್ಮ ನಕ್ಷೆಯ ಮುಂದೆಯೇ ಹೆಚ್ಚು ಹೊತ್ತು ನಿಂತರು. ಕೈಯ ಬೆತ್ತವನ್ನು ಮಾದಿಹಳ್ಳಿ ಕೆರೆಯ ಮೇಲಿಟ್ಟು, "ಈ ನೀರು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದರು. ಕೆಂಪಮ್ಮನ ತುಟಿ ಅಲ್ಲಾಡಿತು. ಅಷ್ಟರಲ್ಲಿ ನಾನು ತೂಬು ತೋರಿಸಿ, "ಮೂಡಲ ಗದ್ದೆಗೆ ಸಾರ್" ಎಂದುಬಿಟ್ಟೆ. ಇನ್‌ಸ್ಪೆಕ್ಟರು ಬೇರೆ ಸೀಮೆಯವರು, ಅವರಿಗೇನು ಗೊತ್ತು? "ವೆರಿ ಗುಡ್" ಎಂದರು. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಹೆಡ್‌ಮೇಷ್ಟ್ರೂ ಆವತ್ತು ನಮ್ಮ ಮೇಷ್ಟ್ರ ಕಡೆ ನೋಡಿ ನಕ್ಕರು. ಹೊಗಳಿಕೆ ಪಡೆದು ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಆದರೆ ಇವರು ಸುಮ್ಮನಿರುವವರೇ? ಇನ್‌ಸ್ಪೆಕ್ಟರ ಎದುರಿಗೇ ನನ್ನನ್ನು ಕೇಳಿದರು.

"ಯಾರ ಹತ್ರ ಕಲ್ತೆ?"

ಕೆಂಪಮ್ಮ ನೆಲ ನೋಡುತ್ತಿದ್ದಳು. "ನಾನೇ ಸಾರ್" ಎಂದೆ. ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಇನ್‌ಸ್ಪೆಕ್ಟರಿಗೆ ಇದೇನೆಂದು ತಿಳಿಯಲಿಲ್ಲ. ಹೆಡ್‌ಮೇಷ್ಟ್ರ ನಗು ಮಾತ್ರ ಅಲ್ಲಿಗೇ ನಿಂತಿತು.

ಮಾರನೆಯ ದಿನ ಮೇಷ್ಟ್ರು ಎಲ್ಲರಿಗೂ ಒಂದೊಂದು ಕಾಗದದ ಚೂರು ಕೊಟ್ಟರು. "ನಿಮ್ಮ ಒಲೇಲಿ ಮಿಕ್ಕ ಇಬ್ಬರು ಏನು ಮಾಡಿದ್ರು ಅಂತ ಬರೀರಿ. ನಿಮ್ಮ ವಿಷಯ ಒಂದಕ್ಷರ ಬರೀಬಾರದು" ಎಂದರು. ನಾವೆಲ್ಲ ಅರ್ಥ ಮಾಡಿಕೊಂಡದ್ದು ಒಂದೇ: ಯಾರ ಬಗ್ಗೆ ಒಳ್ಳೆಯದು ಬರೆಯುತ್ತಾರೋ ಅವರಿಗೆ ಮಾರ್ಕು. ಹಾಗಾದರೆ ನನ್ನ ಭವಿಷ್ಯ ಈ ಇಬ್ಬರ ಕೈಯಲ್ಲಿದೆ ಎಂದುಕೊಂಡೆ. ಅವರು ನನಗೆ ಹೆಚ್ಚು ಬರೆಯಲಿ, ನಾನು ಅವರಿಗೆ ಕಡಮೆ ಬರೆಯುತ್ತೇನೆ ಎಂದು ಲೆಕ್ಕ ಹಾಕಿದೆ. ಶ್ರೀನಿವಾಸನ ಬಗ್ಗೆ, ಬೆಟ್ಟ ಮಾಡಿದ ಎಂದು ಬರೆದೆ. ಕೆಂಪಮ್ಮನ ಹೆಸರಿನ ಮುಂದೆ ಬರೆದದ್ದು ಎರಡೇ ಮಾತು: ಏನೂ ಇಲ್ಲ.

ಮಣ್ಣು ಹೊತ್ತದ್ದು ನನಗೆ ಮರೆತಿರಲಿಲ್ಲ. ಮಣ್ಣು ಹೊರುವುದು ಓದಿನ ಕೆಲಸ ಎಂದು ನನಗೆ ಆಗ ಅನ್ನಿಸಿಯೇ ಇರಲಿಲ್ಲ. ನಮ್ಮ ಮನೆಯಲ್ಲಿ ಮೂಟೆ ಹೊರುವವರೇ ಬೇರೆ, ಪತ್ರ ಬರೆಯುವವರೇ ಬೇರೆ.

ಪರೀಕ್ಷೆ ಮುಗಿದು, ಒಂದು ಶನಿವಾರ ಬೆಳಗ್ಗೆ ಮೇಷ್ಟ್ರು ಭೂಗೋಳದ ಮಾರ್ಕು ಓದಿದರು. ಬೇರೆ ಪಾಠಗಳ ಮಾರ್ಕು ಆಗಲೇ ಬಂದಿತ್ತು. ಒಲೆಯ ಹತ್ತಕ್ಕೆ ಶ್ರೀನಿವಾಸನಿಗೆ ಏಳು. ಕೆಂಪಮ್ಮನಿಗೆ ಒಂಬತ್ತು. ನನಗೆ ಎರಡು.

ಒಟ್ಟು ಕೂಡಿಸಿದರೆ ಶ್ರೀನಿವಾಸ ನನಗಿಂತ ಐದು ಮುಂದೆ. ಎಂಟು ಬಂದಿದ್ದರೆ ನಾನು ಫಸ್ಟು. ಬೆಂಚಿನ ಅಂಚು ಹಿಡಿದುಕೊಂಡು ಕೂತೆ. ಕ್ಲಾಸು ಬಿಟ್ಟ ಮೇಲೆ ಓಡಿಹೋಗಿ ಅವರ ದಾರಿಗೆ ಅಡ್ಡ ನಿಂತೆ.

"ಸಾರ್, ನಾನೇ ಸಾರ್ ಎಲ್ಲ ಮಾಡಿದ್ದು! ಕೇಳಿ ನೋಡಿ. ಅವರು ನನ್ನ ಮೇಲೆ ಹೊಟ್ಟೆಕಿಚ್ಚಿಗೆ ಕೆಟ್ಟದಾಗಿ ಬರೆದಿದಾರೆ."

"ಅವರಿಬ್ಬರೂ ನಿನ್ನ ವಿಷಯ ಒಳ್ಳೇದೇ ಬರೆದಿದಾರೆ."

"ಮತ್ತೆ?"

"ನಿನ್ನ ಬಗ್ಗೆ ಬೇರೆಯವರು ಬರೆದಿದ್ದಕ್ಕೆ ನಿನಗೆ ಯಾಕಮ್ಮ ಮಾರ್ಕು? ನೀನು ಬೇರೆಯವರ ಬಗ್ಗೆ ಬರೆದಿದ್ದಕ್ಕೆ ಮಾರ್ಕು." ಕೋಟಿನ ಜೇಬಿನಿಂದ ನನ್ನ ಚೀಟಿ ತೆಗೆದು ನನ್ನ ಕೈಗೇ ಕೊಟ್ಟರು. "ಪಕ್ಕದಲ್ಲಿ ಒಂದು ತಿಂಗಳು ಇದ್ದೋಳು ಏನು ಮಾಡಿದ್ಲು ಅಂತ ನಿನಗೆ ಕಾಣಲಿಲ್ಲ. ಸೋಮವಾರ ಹತ್ತು ಗಂಟೆಗೆ ಕಾರ್ಡಿಗೆ ಏರಿಸ್ತೀನಿ. ಅಷ್ಟರಲ್ಲಿ ಇನ್ನೊಂದು ಸಲ ಬರೆದುಕೊಂಡು ಬಾ."

ಮನೆಗೆ ಬಂದವಳೇ ಕಾಗದ ತೆಗೆದು ಬರೆದೆ. ಕೆಂಪಮ್ಮ ಬಹಳ ಬುದ್ಧಿವಂತೆ, ನಕ್ಷೆಯ ಕೆಲಸವೆಲ್ಲ ಅವಳದೇ, ಅವಳಿಲ್ಲದಿದ್ದರೆ ನಾವು ಏನೂ ಮಾಡಲಾಗುತ್ತಿರಲಿಲ್ಲ ಎಂದೆಲ್ಲ ಅರ್ಧ ಪುಟ. ಓದಿ ನೋಡಿದೆ. ಎಂಟಲ್ಲ, ಹತ್ತಕ್ಕೆ ಹತ್ತೂ ಬರುವಂತಿತ್ತು. ಆದರೆ ಸೋಮವಾರ ಅವರು ಕಿಟಕಿ ಕಡೆ ತಿರುಗಿ, "ಏನು ಕೆಲಸ ಮಾಡಿದ್ಲು ಹೇಳು" ಎಂದು ಕೇಳಿದರೆ? ಒಂದೂ ಗೊತ್ತಿರಲಿಲ್ಲ. ಆ ಹೆದರಿಕೆ ನನ್ನನ್ನು ಮಾದಿಹಳ್ಳಿಗೆ ಕಳಿಸಿತು, ಪಶ್ಚಾತ್ತಾಪವಲ್ಲ. ಇದನ್ನು ಈಗಲಾದರೂ ಒಪ್ಪಿಕೊಳ್ಳುತ್ತೇನೆ.

ಭಾನುವಾರ ಬೆಳಗ್ಗೆ ಅಂಗಡಿಗೆ ತೆಂಗಿನಕಾಯಿ ತಂದಿದ್ದ ಮಾದಿಹಳ್ಳಿಯ ಗಾಡಿ ಖಾಲಿಯಾಗಿ ಹಿಂತಿರುಗುತ್ತಿತ್ತು. ಗೆಳತಿಯ ಮನೆಗೆ ಎಂದು ಅಮ್ಮನಿಗೆ ಹೇಳಿ ಹತ್ತಿಕೊಂಡೆ. ಕೆಂಪಮ್ಮ ಕೆರೆಯ ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ, "ಯಾಕ್ ಬಂದೆ? ಏನಾಯ್ತೇ?" ಎಂದಳು.

"ನೀನು ಏನು ಕೆಲಸ ಮಾಡಿದೆ ಅಂತ ಹೇಳು. ಬರೀಬೇಕು" ಎಂದೆ. ಗಾಡಿ ಸಂಜೆಯೊಳಗೆ ಇನ್ನೊಮ್ಮೆ ಹಳೇಬೀಡಿಗೆ ಹೋಗುವುದರಲ್ಲಿತ್ತು, ನನಗೆ ಅವಸರ.

ಅವಳು ಯೋಚಿಸಿದಳು. "ಮಣ್ಣು ತಂದೆ. ಇನ್ನೇನ್ ಮಾಡ್ದೆ? ಏನೂ ಇಲ್ಲ ಕಣೇ. ಮಾಡಾಕೆ ನೀನೆಲ್ಲಿ ಬಿಟ್ಟೆ?"

ಜಗಳದ ದನಿಯಲ್ಲ. ಇದ್ದದ್ದನ್ನು ಹೇಳಿದಳು ಅಷ್ಟೇ. ಆಮೇಲೆ ಏರಿಯ ಮೇಲೆ ನಾಲ್ಕು ಹೆಜ್ಜೆ ನಡೆದು, ಕೆಳಗೆ ಕೈ ತೋರಿಸಿದಳು. "ನೋಡು, ತೂಬು ಪಡುವಲಿಗೇ ಐತೆ. ನಮ್ಮ ಗದ್ದೆ ಅಲ್ಲೈತೆ." ತೂಬಿನಿಂದ ನೀರು ಪಡುವಲ ಕಡೆಗೆ, ನಾನು ಹಲಗೆಯ ಮೇಲೆ ಒಂದು ಹನಿಯನ್ನೂ ಬಿಡದ ಗದ್ದೆಗಳಿಗೆ ಹರಿಯುತ್ತಿತ್ತು.

"ಇನ್‌ಸ್ಪೆಕ್ಟರ್ ಕೇಳ್ದಾಗ ಯಾಕೆ ಹೇಳಲಿಲ್ಲ?"

"ನೀನು ಫಸ್ಟ್ ಬರ್ದೇ ಇದ್ರೆ ನಿಮ್ಮಪ್ಪ ಬಿಡ್ಸಾಕ್ತಾರಂತಲ್ಲ. ಶೀನ ಹೇಳ್ದ. ಅದ್ಕೇ ಸುಮ್ಕಾದೆ."

ನನ್ನ ಬಗ್ಗೆ ಏನು ಬರೆದೆ ಎಂದು ಕೇಳಿದೆ. ಅವಳಿಗೆ ನಾಚಿಕೆಯಾಯಿತು. "ನಕ್ಷೆ ಓದಾದ ನಿನ್ನ ನೋಡ್ಕಂಡು ಕಲ್ತೆ ಅಂತ ಬರ್ದೆ" ಎಂದಳು. ನಾನು ಅವಳಿಗೆ ಒಂದು ದಿನವೂ ಏನೂ ಹೇಳಿಕೊಟ್ಟಿರಲಿಲ್ಲ. ಅವಳೇ ಹಿಂದೆ ನಿಂತು ನೋಡಿದ್ದಳು. ನಾನು ಅಲ್ಲೇ ಏರಿಯ ಮೇಲೆ ಕೂತು ಅತ್ತೆ. ಅವಳು ಎಮ್ಮೆ ಕಡೆ ಒಂದು ಕಣ್ಣಿಟ್ಟುಕೊಂಡೇ ನನ್ನ ಬೆನ್ನು ಸವರಿದಳು.

ಸೋಮವಾರ ಬೆಳಗ್ಗೆ ಮೇಷ್ಟ್ರಿಗೆ ಹೊಸ ಚೀಟಿ ಕೊಟ್ಟೆ. ಅರ್ಧ ಪುಟದ ಸುಳ್ಳನ್ನು ಹರಿದು ಹಾಕಿದ್ದೆ. ಇದರಲ್ಲಿ ಬರೆದದ್ದು ಇಷ್ಟು: "ಕೆಂಪಮ್ಮ ಎರಡು ಸಲ ಮಣ್ಣು ಹೊತ್ತು ತಂದಳು. ಕೆರೆ ಮಾಡುತ್ತೇನೆಂದಳು, ನಾನು ಕೈಗೆ ಹೊಡೆದೆ. ತೂಬು ಪಡುವಲಿಗಿದೆ. ಇನ್‌ಸ್ಪೆಕ್ಟರಿಗೆ ನಾನು ಹೇಳಿದ್ದು ತಪ್ಪು." ಅವರು ಓದಿದರು. ಇನ್ನೊಮ್ಮೆ ಓದಿದರು.

"ತೂಬು ಪಡುವಲಿಗೆ ಅಂತ ಯಾರ ಹತ್ರ ಕಲ್ತೆ?"

"ಕೆಂಪಮ್ಮನ ಹತ್ರ ಸಾರ್."

ಮೂರು ವರ್ಷದಲ್ಲಿ ನಾನು ಆ ಪ್ರಶ್ನೆಗೆ ಇನ್ನೊಬ್ಬರ ಹೆಸರು ಹೇಳಿದ್ದು ಅದೇ ಮೊದಲು. ಅವರು ಕಿಟಕಿಯ ಕಡೆ ತಿರುಗಲಿಲ್ಲ. ಪ್ರೋಗ್ರೆಸ್ ಕಾರ್ಡನ್ನು ಮೇಜಿನ ಮೇಲಿಟ್ಟು, ಮಸಿಯಲ್ಲಿ ಪೆನ್ನು ಅದ್ದಿ, ನನ್ನನ್ನೇ ನೋಡಿದರು.

"ಈ ಚೀಟಿಗೆ ಹತ್ತಕ್ಕೆ ಎಷ್ಟು? ನೀನೇ ಹೇಳು."

ಪಕ್ಕದ ಕೋಣೆಯಲ್ಲಿ ಯಾರೋ ಮಗ್ಗಿ ಹೇಳುತ್ತಿದ್ದರು. ಪೆನ್ನಿನ ತುದಿಯಲ್ಲಿ ಮಸಿ ತುಂಬಿ ನಿಂತಿತ್ತು. ಎಂಟು ಎನ್ನಲು ಬಾಯಿ ತೆರೆದೆ. ಕೈಗೆ ಹೊಡೆದವಳಿಗೆ ಎಂಟೇ ಎಂದು ಒಳಗೇ ಯಾರೋ ಕೇಳಿದ ಹಾಗಾಯಿತು. ಹಾಗೆಂದು ನಾನು ಪೂರ್ತಿ ಒಳ್ಳೆಯವಳಾಗಿಬಿಟ್ಟೆ ಎಂದು ತಿಳಿಯಬೇಡಿ. ಕಡಮೆ ಹೇಳಿದರೆ ಮೇಷ್ಟ್ರು ಮೆಚ್ಚಿ ತಾವೇ ಹತ್ತು ಹಾಕಿಬಿಡುತ್ತಾರೆ ಎಂಬ ಲೆಕ್ಕವೂ ಮನಸ್ಸಿನ ಮೂಲೆಯಲ್ಲಿತ್ತು.

"ಎರಡು ಸಾರ್" ಎಂದೆ.

ಅವರು ತಲೆ ಬಗ್ಗಿಸಿ ಎರಡು ಎಂದು ಬರೆದರು. ಮೇಲೆ ಒತ್ತುಕಾಗದ ಇಟ್ಟು ಒತ್ತಿದರು. ಕಾರ್ಡು ನನ್ನ ಕಡೆ ಸರಿಸಿದರು. ನಾನು ಆ ಕ್ಷಣದಲ್ಲಿ ಅವರನ್ನು ದ್ವೇಷಿಸಿದಷ್ಟು ಬದುಕಿನಲ್ಲಿ ಯಾರನ್ನೂ ದ್ವೇಷಿಸಿಲ್ಲ.

ಅಪ್ಪ ಕಾರ್ಡು ನೋಡಿದರು. "ಎರಡನೇದು" ಎಂದು ಹೇಳಿ ವಾಪಸು ಕೊಟ್ಟರು. ಬೈಯಲಿಲ್ಲ, ಅಷ್ಟೇ. ಜೂನ್ ತಿಂಗಳಿನಲ್ಲಿ ಶ್ರೀನಿವಾಸ ಬೇಲೂರಿನ ಬಸ್ಸು ಹತ್ತಿದ. ನಾನು ಅಟ್ಟದ ಮೇಲೆ ಕೊಬ್ಬರಿ ತಿರುವಿ ಹಾಕುತ್ತಾ ಬಸ್ಸಿನ ಸದ್ದು ಕೇಳಿಸಿಕೊಂಡೆ.

ಆ ವಾರದ ಶನಿವಾರ ಸಂಜೆ ಐದರ ಹೊತ್ತಿಗೆ ಮೇಷ್ಟ್ರು ಅಂಗಡಿಗೆ ಬಂದರು. ಕೊಡೆಯನ್ನು ಗೋಡೆಗೆ ಒರಗಿಸಿ ಬೆಂಚಿನ ಎಡತುದಿಯಲ್ಲಿ ಕೂತರು. "ಏನು ಬೇಕಿತ್ತು ಮೇಷ್ಟ್ರೇ?" ಎಂದು ಅಪ್ಪ ಕೇಳಿದರು. "ಏನೂ ಬೇಡ. ಹಿಂಗೇ ಕೂತಿರ್ತೀನಿ" ಎಂದರು. ಮಗಳ ಸುದ್ದಿ ಎತ್ತುತ್ತಾರೆ ಎಂದು ಅಪ್ಪ ಬಿಗಿಯಾದರು. ಮೇಷ್ಟ್ರು ಎತ್ತಲಿಲ್ಲ. ಸುಮ್ಮನೆ ರಸ್ತೆ ನೋಡಿಕೊಂಡು ಕೂತರು.

ನಾವು ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಅಪ್ಪ ದಿನಾ ಬೆಳಕಿರುವಾಗಲೇ ಒಳಗೆ ಬಂದು ಊಟ ಮುಗಿಸಿ ಮತ್ತೆ ಅಂಗಡಿಗೆ ಹೋಗುವರು. ಆದರೆ ಬಾಗಿಲಲ್ಲಿ ಒಬ್ಬರು ಕೂತಿರುವಾಗ, ಅದರಲ್ಲೂ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟವರು ಕೂತಿರುವಾಗ, ಅವರನ್ನು ಬಿಟ್ಟು ಎದ್ದು ಹೋಗಿ ಉಣ್ಣುವುದು ಅಪ್ಪನಿಂದ ಆಗದ ಕೆಲಸ. "ಬನ್ನಿ ಮೇಷ್ಟ್ರೇ, ಊಟಕ್ಕೇಳಿ" ಎಂದು ಕರೆದರು. "ನಂದು ಆಯ್ತು. ನೀವು ಮಾಡಿ ಬನ್ನಿ, ನಾನು ಕಾದಿರ್ತೀನಿ." ಕಾದಿರುತ್ತೇನೆ ಎಂದ ಮೇಲೆ ಹೋಗುವುದಾದರೂ ಹೇಗೆ? ಅಪ್ಪ ಚಡಪಡಿಸಿದರು. ಅಮ್ಮ ಒಳಗಿನಿಂದ ಎರಡು ಸಲ ಇಣುಕಿ ನೋಡಿದರು. ಸೂರ್ಯ ಮುಳುಗಿದ. ಆಗ ಮೇಷ್ಟ್ರು ಎದ್ದು ಕೊಡೆ ತೆಗೆದುಕೊಂಡು, "ಬರ್ತೀನಿ" ಎಂದು ಹೋದರು. ಅಪ್ಪನಿಗೆ ಆ ರಾತ್ರಿ ನೀರೂ ಇಲ್ಲ.

ಮುಂದಿನ ಶನಿವಾರವೂ ಹಾಗೇ. ಅದರ ಮುಂದಿನ ಶನಿವಾರವೂ. ಮಳೆ ಸುರಿಯುವ ಶ್ರಾವಣದಲ್ಲೂ ಬಂದರು. ಅಪ್ಪನ ಮೌನ ದಿನದಿಂದ ದಿನಕ್ಕೆ ಗಟ್ಟಿಯಾಯಿತು, ಅವರದೂ ಗಟ್ಟಿಯಾಯಿತು. ಇಬ್ಬರೂ ಹಟಮಾರಿಗಳು. ಒಂದು ದಿನ ಅಪ್ಪ ಅವರನ್ನು ಜಗಲಿಯಿಂದ ಇಳಿಸಿಯೇಬಿಡುತ್ತಾರೆ ಎಂದು ನನಗೆ ಭಯವಿತ್ತು.

ಒಂದು ವಾರ ಮೇಷ್ಟ್ರು ಎದ್ದು ಹೋದ ಮೇಲೆ ನೋಡಿದರೆ ಬೆಂಚಿನ ಮೇಲೆ ಒಂದು ನೋಟ್‌ಬುಕ್ಕು. ಮರೆತು ಹೋಗಿದ್ದಾರೆಂದು ತೆಗೆದೆ. ಒಳಗೆ ಶ್ರೀನಿವಾಸನ ಅಕ್ಷರ, ಬೇಲೂರು ಹೈಸ್ಕೂಲಿನ ಪಾಠವೆಲ್ಲ ನಕಲಾಗಿತ್ತು. ಮುಂದಿನ ಶನಿವಾರ ಅದನ್ನು ಬೆಂಚಿನ ಮೇಲೇ ಇಟ್ಟೆ. ಅವರು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಇನ್ನೊಂದನ್ನು ಮರೆತು ಹೋದರು. ಅಪ್ಪ ನೋಡಿದರು. ನೋಡದವರಂತೆ ತಕ್ಕಡಿ ಒರೆಸಿದರು.

ಮತ್ತೆ ಏಪ್ರಿಲ್ ಬಂತು. ಒಂದು ಶನಿವಾರ, ಬಿಸಿಲು ಇನ್ನೂ ಬಸದಿಯ ಗೋಡೆಯ ಮೇಲಿರುವಾಗಲೇ ಅಪ್ಪ ಅಂಗಡಿಯಿಂದ ಇಳಿದು ಬಂದು ಮೇಷ್ಟ್ರ ಮುಂದೆ ನಿಂತರು. ನಾನು ಬಾಗಿಲ ಹಿಂದೆ.

"ಮೇಷ್ಟ್ರೇ, ಒಂದು ವರ್ಷದಿಂದ ನನಗೆ ಶನಿವಾರ ಉಪವಾಸ. ದೇವರಿಗೆ ಅಂತ ಮಾಡಿದ್ರೆ ಪುಣ್ಯನಾದ್ರೂ ಬರ್ತಿತ್ತು. ಮಾತು ಅಂದ್ರೆ ಮಾತು, ಒಂದು ವರ್ಷ ಬಿಡಿಸಿ ಆಯ್ತು. ಜೂನಿಗೆ ಇವಳನ್ನ ಬೇಲೂರಿಗೆ ಕಳಿಸ್ತೀನಿ. ಇನ್ನು ನನ್ನನ್ನ ಊಟಕ್ಕೆ ಬಿಡಿ."

ಮೇಷ್ಟ್ರು ಎದ್ದು ನಿಂತರು. "ನಂಗೂ ಹಸಿವಾಗಿದೆ ಕಣ್ರೀ" ಎಂದರು. ಆವತ್ತು ಅವರಿಬ್ಬರೂ ನಮ್ಮ ಹಜಾರದಲ್ಲಿ ಎದುರು ಬದುರು ಕೂತು ಉಂಡರು. ಅವರು ಇನ್ನೊಬ್ಬರ ಜೊತೆ ಕೂತು ಉಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಾನು ಬೇಲೂರಿಗೆ ಹೋದೆ. ಓದಿದೆ, ಮೇಡಂ ಆದೆ, ಹೆಡ್‌ಮಿಸ್ಟ್ರೆಸ್ಸಾಗಿ ನಿವೃತ್ತಳಾದೆ. ನನ್ನ ಕ್ಲಾಸಿನ ಮಕ್ಕಳ ಕೈಯಲ್ಲೂ ಚೀಟಿ ಬರೆಸಿದೆ. ಆದರೆ ಯಾರನ್ನೂ ಎರಡಕ್ಕೆ ಇಳಿಸುವ ಧೈರ್ಯ ನನಗೆ ಬರಲಿಲ್ಲ. ಕೆಂಪಮ್ಮ ಮುಂದೆ ಓದಲಿಲ್ಲ. ನನ್ನ ಒಂದು ವರ್ಷ ಹೋಯಿತು ಎಂದು ನಾನು ಬದುಕಿಡೀ ಗೊಣಗಿದೆ. ಅವಳ ಬಾಗಿಲಲ್ಲಿ ಹೋಗಿ ಕೂತವರು ಯಾರೂ ಇರಲಿಲ್ಲ, ನಾನೂ ಸೇರಿದಂತೆ.

ಮೇಷ್ಟ್ರನ್ನು ಕೊನೆಯ ಸಲ ಕಂಡದ್ದು ಅರಸೀಕೆರೆಯಲ್ಲಿ, ಸ್ಟೇಷನ್ನಿಗೆ ಹತ್ತಿರದ ಅವರ ಮಗಳ ಮನೆಯಲ್ಲಿ. ಕಣ್ಣು ಮಂಜಾಗಿತ್ತು. ಮಂಚವನ್ನು ಕಿಟಕಿಯ ಪಕ್ಕಕ್ಕೇ ಹಾಕಿಸಿಕೊಂಡಿದ್ದರು. ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಆವತ್ತು ಕೇಳಿಬಿಟ್ಟೆ.

"ಸಾರ್, ಆವತ್ತು ನಾನು ಎರಡು ಅಂದೆ. ಹತ್ತು ಅಂದಿದ್ರೆ?"

"ಹತ್ತೇ ಹಾಕ್ತಿದ್ದೆ."

"ಎಂಟು ಅಂದಿದ್ರೆ?"

"ಎಂಟು."

ಅಂದರೆ ನನ್ನ ಬೇಲೂರು ಆವತ್ತು ನನ್ನ ಬಾಯಲ್ಲೇ ಇತ್ತು. "ನಿಮಗೆ ಗೊತ್ತಿತ್ತಾ ಸಾರ್, ಅಪ್ಪನ ಮಾತು? ಫಸ್ಟ್ ಬರದಿದ್ರೆ ಬಿಡಿಸ್ತಾರೆ ಅಂತ?"

"ಗೊತ್ತಿತ್ತು. ಸೂರ್ಯ ಮುಳುಗಿದ ಮೇಲೆ ನಿಮ್ಮಪ್ಪ ಉಣ್ಣಲ್ಲ ಅನ್ನೋದೂ ಗೊತ್ತಿತ್ತು."

"ಪೆನ್ನು ನಿಮ್ಮ ಕೈಲಿತ್ತು. ಒಂದು ನಿಮಿಷದ ಕೆಲಸ. ಅದು ಬಿಟ್ಟು ಒಂದು ವರ್ಷ ಬಂದು ಕೂತ್ರಲ್ಲ, ಯಾಕೆ?"

ಅವರು ಕಿಟಕಿಯ ಕಡೆ ತಿರುಗಿದರು. ರೈಲೊಂದು ಸ್ಟೇಷನ್ನಿಗೆ ಬಂದು ನಿಂತು, ಮತ್ತೆ ಹೊರಟಿತು. ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನ ಮಾರ್ಕು ನೀನು ಹೇಳಿದೆ ಕಣಮ್ಮ. ಅದನ್ನ ನಾನು ತಿದ್ದೋ ಹಾಗಿರಲಿಲ್ಲ. ಆದ್ರೆ ನಿನ್ನ ಓದು ನಿಂತಿದ್ದು ನನ್ನ ಕೈಯಿಂದ. ನನ್ನ ಮಾರ್ಕು ಹೇಳೋರು ಯಾರಿದ್ರು? ಅದಕ್ಕೇ ಬಂದು ಕೂತೆ." ಆಮೇಲೆ ಕೇಳಿದರು. "ಈಗ ನೀನೇ ಹೇಳು. ಹತ್ತಕ್ಕೆ ಎಷ್ಟು?"

ನಾನು ಹೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಿಟ್ಟೆ. ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದುಕೊಂಡಿದ್ದೆ. ಮುಂದಿನ ಸಲ ಬರುವಷ್ಟರಲ್ಲಿ ಅವರಿರಲಿಲ್ಲ.

ನಿನ್ನೆ ತಮ್ಮನಿಗೆ ಫೋನು ಮಾಡಿ, ಬೆಂಚನ್ನು ನನಗೆ ಕಳಿಸು ಎಂದೆ. "ನಿನ್ನ ಮನೇಲಿ ಅಷ್ಟುದ್ದದ್ದಕ್ಕೆ ಜಾಗ ಎಲ್ಲಕ್ಕಾ?" ಎಂದ. ಕಳಿಸು ಎಂದೆ. ಆಮೇಲೆ ಕೂತು, ಉಳಿದುಹೋದ ಆ ಪ್ರಶ್ನೆಗೆ ಉತ್ತರ ಬರೆದೆ. ಎಂಟು, ಸಾರ್. ಉಳಿದ ಎರಡು ನಾನು ಕಳೆದುಕೊಂಡ ಆ ವರ್ಷದ್ದು, ಅದನ್ನು ಕೊಡಲಾರೆ. ಆದರೆ ಆವತ್ತಿನ ಲೆಕ್ಕದಲ್ಲಿ ಫಸ್ಟ್ ಬರುವುದಕ್ಕೆ ಎಂಟು ಸಾಕಾಗಿತ್ತು.